ಪ್ರತಿಕೃತಿಯೋ, ಪ್ರತಿರೂಪಕವೋ?

ಇರುವ ವಸ್ತುವಿನಂತೆಯೇ ಇನ್ನೊಂದನ್ನು ಮಾಡುವುದು ದೋಷವೆ? ದೋಷವೆಂದರೆ ಶಿಲ್ಪಿಯೂ ಚಿತ್ರಕಾರನೂ ಗ್ರಂಥಗಳ ಪ್ರತಿ ಎತ್ತುವ ಲಿಪಿಕಾರನೂ ದೋಷಿಗಳಾಗಬೇಕಾಗುತ್ತದೆ. ದೋಷವಲ್ಲವೆಂದರೆ ಖೊಟ್ಟಿ ನಾಣ್ಯ ಟಂಕಿಸುವವನನ್ನು ದಂಡಿಸುವುದೇಕೆ? ಮೇಲುನೋಟಕ್ಕೆ ಸುಲಭವಾಗಿ ತೋರುವ ಈ ಪ್ರಶ್ನೆ, ಒಂದು ನಿರ್ದಿಷ್ಟ ವಸ್ತುವನ್ನು ಎದುರಿಗಿಟ್ಟುಕೊಂಡು ವಿಚಾರಿಸಹೊರಟಾಗ ಅಷ್ಟು ಸುಲಭವಲ್ಲವೆಂದು ತಿಳಿದುಬರುತ್ತದೆ. ನಾನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಇಂಗ್ಲೆಂಡಿನ ಹಳೆಯ ಶಾಲಾ ಕಟ್ಟಡಗಳ ಕೆತ್ತನೆಚಿತ್ರಗಳನ್ನು ಮತ್ತು ಆ ಚಿತ್ರಗಳನ್ನು ಇಂದು ಮರಳಿ ಅಚ್ಚುಮಾಡಿ, ಕೈಯಿಂದ ಬಣ್ಣ ತುಂಬಿ, ಚೌಕಟ್ಟು ಕಟ್ಟಿ ಮಾರುವ ಪ್ರತಿಕೃತಿಗಳನ್ನು. ಇದು ದೂರದ ವಿಷಯವೆಂದು ವಾಚಕರಿಗೆ ಅನ್ನಿಸಬಹುದು. ಆದರೆ ಆ ಶಾಲೆಗಳನ್ನು ಕಟ್ಟಿದವರಲ್ಲಿ ವರ್ತಕರಿದ್ದರು. ಚಿತ್ರಗಳನ್ನು ಅಚ್ಚುಮಾಡಿಸಿ ಮಾರಿದವನು ವರ್ತಕ. ಇಂದು ಪ್ರತಿಕೃತಿಯನ್ನು ಮಾರುವವನೂ ವರ್ತಕನೇ. ಆದಕಾರಣ ಪ್ರಶ್ನೆ ನಮ್ಮ ಅಂಗಡಿಯ ಹೊಸ್ತಿಲಿನ ಒಳಗಿನದೇ ಆಗಿದೆ.

ಮೊದಲು ಮೂಲವಸ್ತುವಿನ ಸ್ವರೂಪವನ್ನು ನೋಡೋಣ. ನಯಗೊಳಿಸಿದ ತಾಮ್ರದ ಫಲಕದ ಮೇಲೆ ಕೆತ್ತನೆಗಾರನು ಮೊನಚಾದ ಉಕ್ಕಿನ ಉಳಿಯಿಂದ ರೇಖೆಗಳನ್ನು ಕೊರೆಯುತ್ತಾನೆ. ಅಚ್ಚಿನಲ್ಲಿ ಎಡದ್ದು ಬಲಕ್ಕೆ ಬರುವುದರಿಂದ ಇಡೀ ಚಿತ್ರವನ್ನು ತಿರುವುಮುರುವಾಗಿ ಕೆತ್ತಬೇಕು. ಕೊರೆದ ಗೆರೆಗಳಲ್ಲಿ ಮಸಿ ತುಂಬಿ, ಮೇಲಿನ ಮಸಿಯನ್ನು ಒರೆಸಿ, ತೇವಗೊಳಿಸಿದ ಕಾಗದವನ್ನು ಅದರ ಮೇಲಿಟ್ಟು ಉರುಳೆಯ ಯಂತ್ರದಲ್ಲಿ ಒತ್ತಿದಾಗ ಚಿತ್ರ ಮೂಡುತ್ತದೆ. ಒತ್ತಡದಿಂದಾಗಿ ಫಲಕದ ಅಂಚು ಕಾಗದದ ಮೇಲೆ ತಗ್ಗಾದ ಗುರುತನ್ನು ಬಿಡುತ್ತದೆ. ಈ ಗುರುತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದು ಬೇಕಾಗುತ್ತದೆ. ಹೀಗೆ ಬಂದ ಚಿತ್ರದಲ್ಲಿ ಕಪ್ಪು ಮತ್ತು ಬಿಳುಪು ಎರಡೇ ಇರುತ್ತವೆ.

ಈ ಕಲೆಯಲ್ಲಿ ವಿದ್ಯಾಲಯಗಳನ್ನೇ ವಿಶೇಷವಾಗಿ ಚಿತ್ರಿಸಿದವನು ಡೇವಿಡ್ ಲೊಗನ್. ಡಾನ್‌ಜಿಗ್ ನಗರದಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ಈತನನ್ನು 1669ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ತನ್ನ ಕೆತ್ತನೆಗಾರನನ್ನಾಗಿ ನೇಮಿಸಿಕೊಂಡಿತು. ಅವನ ಆಕ್ಸ್‌ಫರ್ಡ್ ಚಿತ್ರಸಂಪುಟ 1675ರಲ್ಲೂ ಕೇಂಬ್ರಿಜ್ ಸಂಪುಟ 1690ರಲ್ಲೂ ಪ್ರಕಟವಾದವು. ಮೊದಲನೆಯದರಲ್ಲಿ ವಿಂಚೆಸ್ಟರ್ ಶಾಲೆಯ ಚಿತ್ರವಿದೆ, ಎರಡನೆಯದರಲ್ಲಿ ಈಟನ್ ಶಾಲೆಯದು. ಎರಡನ್ನೂ ಹಕ್ಕಿಯ ನೋಟದಂತೆ ಮೇಲಿನಿಂದ ಕಂಡಹಾಗೆ ಬರೆಯಲಾಗಿದೆ: ಪ್ರಾಂಗಣಗಳು, ಮಾಳಿಗೆಯ ಸಾಲು, ಹೊಗೆಗೂಡುಗಳು, ಗೋಡೆಯಾಚೆಯ ತೋಟ, ಎಲ್ಲವೂ ಏಕಕಾಲಕ್ಕೆ ಕಾಣುತ್ತವೆ. ಮನುಷ್ಯನು ಬಲೂನಿನಲ್ಲಿ ಮೇಲೇರಿದ್ದು 1783ರಲ್ಲಿ. ಅದಕ್ಕೂ ನೂರು ವರ್ಷ ಮೊದಲು ಲೊಗನ್ ಆ ನೋಟವನ್ನು ಕಣ್ಣಿನಿಂದ ಕಂಡಿರಲಾರ; ಅಳತೆಗಳಿಂದಲೂ ನೆಲದ ಮೇಲೆ ನಿಂತು ನೋಡಿದ ನೋಟಗಳಿಂದಲೂ ಬುದ್ಧಿಪೂರ್ವಕವಾಗಿ ಅದನ್ನು ಕಟ್ಟಿದ. ಮೂಲವೆಂದು ನಾವು ಕರೆಯುವ ಕೆತ್ತನೆಯೇ ಹೀಗೆ ಒಂದು ರಚನೆ ಎಂಬುದನ್ನು ಮರೆಯಬಾರದು. ಯಾರೂ ಕಾಣದ ನೋಟವಾದರೂ ಅದು ಸುಳ್ಳಲ್ಲ. ಕಟ್ಟಡದ ಯಾವ ಭಾಗ ಎಲ್ಲಿದೆಯೆಂದು ತಿಳಿಸುವುದಾಗಿ ಅದು ಭಾಷೆ ಕೊಟ್ಟಿದೆ, ಆ ಭಾಷೆಯನ್ನು ನಡೆಸಿದೆ.

ಲೊಗನ್ನನ ಚಿತ್ರಗಳು ಬಣ್ಣವಿಲ್ಲದೆಯೇ ಪ್ರಕಟವಾದವು. ಬಣ್ಣದ ಕಥೆ ಮುಖ್ಯವಾಗಿ ರುಡಾಲ್ಫ್ ಅಕರ್ಮನ್ ಎಂಬುವನದು. ಜರ್ಮನಿಯ ಸ್ಯಾಕ್ಸನಿಯಲ್ಲಿ 1764ರಲ್ಲಿ ಹುಟ್ಟಿದ ಈತ ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಚಿತ್ರಗಳ ಅಂಗಡಿ ಇಟ್ಟ. 1814ರಲ್ಲಿ ಆಕ್ಸ್‌ಫರ್ಡ್, 1815ರಲ್ಲಿ ಕೇಂಬ್ರಿಜ್, 1816ರಲ್ಲಿ ವಿಂಚೆಸ್ಟರ್, ಈಟನ್, ವೆಸ್ಟ್‌ಮಿನ್‌ಸ್ಟರ್, ಚಾರ್ಟರ್‌ಹೌಸ್, ಸೇಂಟ್ ಪಾಲ್ಸ್, ಮರ್ಚೆಂಟ್ ಟೇಲರ್ಸ್, ಹ್ಯಾರೋ, ರಗ್ಬಿ ಮತ್ತು ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಒಂಬತ್ತು ಶಾಲೆಗಳ ಇತಿಹಾಸವನ್ನು 48 ವರ್ಣಚಿತ್ರಗಳೊಂದಿಗೆ ಆತ ಹೊರತಂದ. ಇವು ಅಕ್ವಾಟಿಂಟ್ ಎಂಬ ಕ್ರಮದ ಅಚ್ಚುಗಳು. ಫಲಕದ ಮೇಲೆ ರಾಳದ ಪುಡಿ ಹರಡಿ ಆಮ್ಲದಿಂದ ಕೊರೆಯಿಸಿದರೆ ನೆರಳಿನಂತಹ ಮೃದುವಾದ ಛಾಯೆ ದೊರೆಯುತ್ತದೆ. ಅದರ ಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದ ಜಲವರ್ಣ ಹಾಕಬೇಕು. ಮುಂದೊಂದು ಮಾದರಿಯ ಪ್ರತಿಯನ್ನಿಟ್ಟುಕೊಂಡು, ಮೇಜಿನ ಸುತ್ತ ಕುಳಿತ ಕೆಲಸಗಾರರು ಆಕಾಶವನ್ನೂ ಹುಲ್ಲನ್ನೂ ಇಟ್ಟಿಗೆಯನ್ನೂ ತುಂಬುತ್ತಿದ್ದರು. ಚಿತ್ರದ ಕೆಳಗೆ ಬರೆದವನ ಹೆಸರಿದೆ, ಕೆತ್ತಿದವನ ಹೆಸರಿದೆ, ಪ್ರಕಾಶಕನ ಹೆಸರಂತೂ ಇದ್ದೇ ಇದೆ. ಬಣ್ಣ ಹಾಕಿದವರ ಹೆಸರು ಇಲ್ಲ.

ಆ ಶಾಲೆಗಳ ಸ್ಥಾಪಕರನ್ನು ಕುರಿತು ನಮ್ಮ ಟ್ರಸ್ಟುಗಳವರು ತಿಳಿಯಬೇಕಾದ ಒಂದೆರಡು ಸಂಗತಿಗಳಿವೆ. ಸೇಂಟ್ ಪಾಲ್ಸ್ ಶಾಲೆಯನ್ನು 1509ರಲ್ಲಿ ಸ್ಥಾಪಿಸಿದ ಜಾನ್ ಕಾಲೆಟ್ ಸ್ವತಃ ಧರ್ಮಾಧಿಕಾರಿ. ಆದರೂ ಶಾಲೆಯ ಆಡಳಿತವನ್ನು ಚರ್ಚಿಗೂ ಕೊಡದೆ, ವಿಶ್ವವಿದ್ಯಾಲಯಕ್ಕೂ ಕೊಡದೆ, ಬಟ್ಟೆ ವರ್ತಕರ ಶ್ರೇಣಿಯಾದ ಮರ್ಸರ್ಸ್ ಕಂಪನಿಗೆ ಒಪ್ಪಿಸಿದ. ಮನುಷ್ಯವ್ಯವಹಾರದಲ್ಲಿ ಯಾವುದೂ ಖಚಿತವಲ್ಲ, ಆದರೂ ಸಂಸಾರವಂದಿಗರಾದ ನಾಗರಿಕರಲ್ಲಿಯೇ ತಾನು ಕಡಿಮೆ ಭ್ರಷ್ಟತೆಯನ್ನು ಕಂಡಿರುವೆನೆಂಬುದು ಅವನ ಅಭಿಪ್ರಾಯವಾಗಿತ್ತೆಂದು ಅವನ ಮಿತ್ರ ಎರಾಸ್ಮಸ್ ದಾಖಲಿಸಿದ್ದಾನೆ. ರಗ್ಬಿ ಶಾಲೆಯನ್ನು 1567ರಲ್ಲಿ ಸ್ಥಾಪಿಸಿದ ಲಾರೆನ್ಸ್ ಶೆರಿಫ್ ಸಂಬಾರ ಪದಾರ್ಥಗಳ ವ್ಯಾಪಾರಿ. ಮೊದಲು ಹಣ ಬಿಟ್ಟುಹೋಗಬೇಕೆಂದಿದ್ದವನು, ಉಯಿಲನ್ನು ತಿದ್ದಿ ಲಂಡನ್ನಿನ ಹೊರವಲಯದ ಸುಮಾರು ಎಂಟು ಎಕರೆ ನೆಲವನ್ನು ಬರೆದುಕೊಟ್ಟ. ನಗರ ಬೆಳೆದಂತೆ ಆ ನೆಲದ ಬಾಡಿಗೆ ಏರಿ, 1809ರಲ್ಲಿ ಶಾಲೆಯ ಹೊಸ ಕಟ್ಟಡಗಳ ಕೆಲಸ ಆರಂಭವಾಗುವಷ್ಟಾಯಿತು. (ದಾನವನ್ನು ನಗದಾಗಿ ಕೊಡಬೇಕೋ ಭೂಮಿಯಾಗಿ ಕೊಡಬೇಕೋ ಎಂದು ಚರ್ಚಿಸುವ ನಮ್ಮ ಸಮಿತಿಗಳು ಇದನ್ನು ಗಮನಿಸಬಹುದು.) ಅಕರ್ಮನ್ನನ ರಗ್ಬಿ ಚಿತ್ರವನ್ನು ಇಂದು ನಾವು ಪ್ರಾಚೀನತೆಯ ಭಾವದಿಂದ ನೋಡುತ್ತೇವೆ, 1816ರ ಗ್ರಾಹಕನಿಗೆ ಮಾತ್ರ ಅದು ಸುಣ್ಣ ಆರದ ಹೊಸ ಕಟ್ಟಡದ ವಾರ್ತೆಯಾಗಿತ್ತು.

ಚಿತ್ರವು ಕಟ್ಟಡಕ್ಕಿಂತ ಹೆಚ್ಚು ಕಾಲ ಬಾಳುವುದೂ ಉಂಟು. ಕಾಲೆಟ್ ಕಟ್ಟಿಸಿದ ಶಾಲೆ 1666ರ ಲಂಡನ್ನಿನ ಮಹಾಬೆಂಕಿಯಲ್ಲಿ ಸುಟ್ಟಿತು. ಅನಂತರ ಕಟ್ಟಿದ್ದನ್ನು 1820ರ ದಶಕದಲ್ಲಿ ಕೆಡವಿ ಮೂರನೆಯದನ್ನು ಕಟ್ಟಿದರು. 1884ರಲ್ಲಿ ಶಾಲೆ ಹ್ಯಾಮರ್‌ಸ್ಮಿತ್‌ಗೂ 1968ರಲ್ಲಿ ಬಾರ್ನ್ಸ್‌ಗೂ ಹೋಯಿತು. ಅಕರ್ಮನ್ನನ ಪುಸ್ತಕದಲ್ಲಿರುವುದು ಎರಡನೆಯ ಕಟ್ಟಡ. ಅದನ್ನು ಕಣ್ಣಾರೆ ಕಂಡವರು ಯಾರೂ ಇಂದಿಲ್ಲ. ಹ್ಯಾರೋದಲ್ಲಿ ಸಂಗತಿ ಇನ್ನಷ್ಟು ಸೂಕ್ಷ್ಮ. ಜಾನ್ ಲಯನ್ ಎಂಬ ರೈತ 1572ರಲ್ಲಿ ರಾಜಾಜ್ಞೆ ಪಡೆದು ಸ್ಥಾಪಿಸಿದ ಆ ಶಾಲೆಯ ಹಳೆಯ ಕಟ್ಟಡ 1615ರಲ್ಲಿ ಸಿದ್ಧವಾಯಿತು. ಇಂದು ಎದುರಿನಿಂದ ನೋಡಿದರೆ ಅದು ಎಡಬಲ ಸಮನಾದ, ಮೆಟ್ಟಿಲು ಮೆಟ್ಟಿಲಾದ ಎರಡು ತ್ರಿಕೋನ ಗೋಡೆಗಳುಳ್ಳ ಕಟ್ಟಡ. ಆದರೆ ಅವುಗಳಲ್ಲಿ ಒಂದು ಪಾರ್ಶ್ವವನ್ನು ಸೇರಿಸಿದ್ದು 1820ರ ಸುಮಾರಿಗೆ. 1816ರ ಚಿತ್ರದಲ್ಲಿ ಅದು ಇಲ್ಲ, ಇರಲು ಸಾಧ್ಯವೂ ಇಲ್ಲ. ತಾನು ಓದಿದ ಶಾಲೆಯ ನೆನಪಿಗೆಂದು ಚಿತ್ರ ಕೊಳ್ಳುವ ಹಳೆಯ ವಿದ್ಯಾರ್ಥಿಗೆ ಆ ಕಟ್ಟಡ ಅರೆಯಾಗಿ ಕಾಣುತ್ತದೆ. ಗ್ರಾಹಕನನ್ನು ಮೆಚ್ಚಿಸಲು ಇನ್ನೊಂದು ಪಾರ್ಶ್ವವನ್ನು ಕುಂಚದಿಂದ ಸೇರಿಸಿಬಿಡುವುದು ಚಿತ್ರಕಾರನಿಗೆ ಅರ್ಧ ದಿನದ ಕೆಲಸ. ಸೇರಿಸಿದ ಬಳಿಕ ಆ ಚಿತ್ರ ಇಂದಿನ ಕಟ್ಟಡಕ್ಕೆ ಸದೃಶವಾಗುತ್ತದೆ, 1816ಕ್ಕೆ ಸುಳ್ಳಾಗುತ್ತದೆ. ಸಾದೃಶ್ಯ ಬೇರೆ, ಸತ್ಯ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಹೊಳೆಯದು.

ಹಾಗಾದರೆ ಕಪ್ಪು ರೇಖೆಯ ಮೇಲೆ ಬಣ್ಣ ಹಾಕುವುದೇ ಮಿಥ್ಯೆಯ ಆರೋಪವೆಂದು ಕೆಲವರು ವಾದಿಸಬಹುದು. ಅದನ್ನು ನಾನು ಒಪ್ಪಲಾರೆ. ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯನ್ನು ನೋಡಿ. ಲಂಡನ್ನಿನ ಅನಾಥ ಮತ್ತು ಬಡ ಮಕ್ಕಳಿಗಾಗಿ 1552ರಲ್ಲಿ ಆರಂಭವಾಗಿ, 1902ರಲ್ಲಿ ಹಾರ್ಶಮ್ ಊರಿಗೆ ಸ್ಥಳಾಂತರಗೊಂಡ ಶಾಲೆ ಇದು. ಮೊಣಕಾಲಿನ ಕೆಳಗೂ ಇಳಿಯುವ ನೀಲಿ ನಿಲುವಂಗಿ, ಹಳದಿ ಕಾಲುಚೀಲ, ಇದು ಅಲ್ಲಿಯ ಮಕ್ಕಳ ಉಡುಪು. ಈ ಕಾಲಕ್ಕೂ ಅದನ್ನೇ ತೊಡುತ್ತಾರೆ. ಕೆತ್ತನೆಗಾರನ ಉಳಿ ನಿಲುವಂಗಿಯ ನೆರಿಗೆಗಳನ್ನು ತೋರಿಸಬಲ್ಲದು. ಅದು ನೀಲಿಯೆಂದು ತೋರಿಸಲಾರದು. ಬಡವರ ಮಕ್ಕಳನ್ನು ಬೀದಿಯಲ್ಲಿ ಗುರುತಿಸುವಂತೆ ಮಾಡಿದ್ದ ಆ ಬಣ್ಣವನ್ನು, ಕುಂಚ ಹಿಡಿದ ಹೆಸರಿಲ್ಲದ ಕೈ ಚಿತ್ರಕ್ಕೆ ಮರಳಿಸಿತು. ಇಲ್ಲಿ ಬಣ್ಣ ಸತ್ಯವನ್ನು ಮುಚ್ಚಲಿಲ್ಲ, ರೇಖೆ ಹೇಳಲಾರದೆ ಬಿಟ್ಟ ಸತ್ಯವನ್ನು ಹೇಳಿತು. ಅದೇ ಕೈ, ಕೆಡವಿಹೋದ ಸೇಂಟ್ ಪಾಲ್ಸ್ ಕಟ್ಟಡದ ಲೊಗನ್‌ಶೈಲಿಯ ಕಪ್ಪುಬಿಳುಪು ಕೆತ್ತನೆಯೊಂದಕ್ಕೆ ಇಂದು ಬಣ್ಣ ಹಾಕಲು ಕುಳಿತರೆ ಸ್ಥಿತಿ ಬೇರೆ. ಆಗ ಅದು ಅಕರ್ಮನ್ನನ ಕಾಲದ ವರ್ಣಪ್ರತಿಯನ್ನು ಹುಡುಕಿ ನೋಡಬೇಕು, ಆ ಕಾಲದ ಇಟ್ಟಿಗೆ, ಕಲ್ಲು, ಸೀಸದ ತಗಡಿನ ಮಾಡು ಹೇಗಿರುತ್ತಿದ್ದವೆಂದು ವಿಚಾರಿಸಬೇಕು. ವಿಚಾರಿಸಿಯೂ ತಿಳಿಯದಿದ್ದ ಜಾಗವನ್ನು ತಿಳಿ ಛಾಯೆಯಲ್ಲಿ ಬಿಡಬೇಕು. ತಿಳಿಯದ ಕಡೆಯಲ್ಲಿಯೇ ಗಾಢವಾದ ಬಣ್ಣ ಬಳಿಯುವುದು ಮಾರುಕಟ್ಟೆಯ ರೂಢಿ; ಸೂರ್ಯಾಸ್ತದ ಕೆಂಪು ಆಕಾಶ, ಹೂಬಿಟ್ಟ ಬಳ್ಳಿ, ಅಚ್ಚಹಸಿರು ಹುಲ್ಲು. ಗೋಡೆಗೆ ಚೆಂದವೆಂಬುದನ್ನು ಅಲ್ಲಗಳೆಯುವಂತಿಲ್ಲ.

ಇನ್ನು ವ್ಯವಹಾರಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಗನೊಬ್ಬ ತನ್ನ ಮೇಲಧಿಕಾರಿಯ ನಿವೃತ್ತಿಯ ಸಂದರ್ಭದಲ್ಲಿ ಕಾಣಿಕೆ ಕೊಡಲೆಂದು, ಆತ ಓದಿದ ಶಾಲೆಯ ಇಂತಹ ಚಿತ್ರವೊಂದನ್ನು ಕೊಂಡ. ಚೀಟಿಯ ಮೇಲೆ ‘1816ರ ಕೆತ್ತನೆ, ಕೈಯಿಂದ ಬಣ್ಣ ಹಾಕಿದ್ದು’ ಎಂದಿತ್ತಂತೆ. ಬೆಲೆಯೂ ಅದಕ್ಕೆ ತಕ್ಕಂತೆಯೇ ಇತ್ತು. ಕಾಣಿಕೆ ಪಡೆದವರು ವಿಷಯ ಬಲ್ಲವರು. ಮನೆಗೆ ಒಯ್ದು ನೋಡಿ, ಇದು ಈಚೆಗೆ ಯಂತ್ರದಲ್ಲಿ ತೆಗೆದ ಅಚ್ಚು, ಬಣ್ಣವೂ ಈಚಿನದೇ ಎಂದು ಬಹಳ ಸೌಜನ್ಯದಿಂದ ತಿಳಿಸಿದರು. ಹುಡುಗ ನಾಚಿಕೊಂಡು ಅಂಗಡಿಯವನನ್ನು ಕೇಳಿದಾಗ ಬಂದ ಉತ್ತರ ಇದು: “ನಾನು ಸುಳ್ಳು ಹೇಳಿಲ್ಲ. ಕೆತ್ತನೆ 1816ರದೇ; ನಾನು ಮಾರಿದ್ದು ಅದರ ಪ್ರತಿ. ಬಣ್ಣ ಕೈಯಿಂದಲೇ ಹಾಕಿದ್ದು. ಯಾವಾಗ ಹಾಕಿದ್ದೆಂದು ನೀವು ಕೇಳಲಿಲ್ಲ.” ಹುಡುಗ ಊರಿಗೆ ಬಂದಾಗ ಈ ಮಾತನ್ನು ನನ್ನ ಮುಂದಿಟ್ಟು, ಮಾಮ, ಇದನ್ನು ಮೋಸವೆನ್ನಬಹುದೆ ಎಂದು ಕೇಳಿದ. ಆ ವರ್ತಕನ ಒಂದೊಂದು ಪದವೂ ನಿಜ ಎಂಬುದೇ ಈ ಪ್ರಶ್ನೆಯ ತೊಡಕು.

ನಮ್ಮ ಆಚಾರ್ಯರು ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೊನೆಯದಾಗಿ ಬರುವುದು ‘ಪ್ರತಿರೂಪಕ ವ್ಯವಹಾರ’. ಸಮಂತಭದ್ರರು ರತ್ನಕರಂಡಕದಲ್ಲಿ ಇದಕ್ಕೆ ಬದಲಾಗಿ ‘ಸದೃಶಸನ್ಮಿಶ್ರ’ ಎಂಬ ಪದವನ್ನಿಟ್ಟಿದ್ದಾರೆ. ತುಪ್ಪದಲ್ಲಿ ತುಪ್ಪದಂತಹುದನ್ನು, ಕೇಸರಿಯಲ್ಲಿ ಕೇಸರಿಯಂತಹುದನ್ನು ಬೆರೆಸುವುದು. ಇದನ್ನು ಸತ್ಯವ್ರತದ ಕೆಳಗಿಡದೆ ಅಚೌರ್ಯದ ಕೆಳಗಿಟ್ಟಿರುವುದು ಗಮನಾರ್ಹ. ಮಾತಿನ ಲೆಕ್ಕದಲ್ಲಿ ಸುಳ್ಳಿಲ್ಲದಿದ್ದರೂ ಕೊಳ್ಳುವವನ ಕೈಯಿಂದ ಅವನು ಕೊಡಲು ಒಪ್ಪದ ಹಣ ಹೋಗಿರುತ್ತದೆ. ಹಳೆಯದಕ್ಕೆಂದು ಅವನು ಕೊಟ್ಟ ಹಣವನ್ನು ಹೊಸದಕ್ಕೆ ತೆಗೆದುಕೊಂಡರೆ, ಆ ವ್ಯತ್ಯಾಸದ ಮಟ್ಟಿಗೆ ಅದು ಅದತ್ತಾದಾನವೇ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಕೃತಕವಾದ ಚಿನ್ನ ಮುಂತಾದವುಗಳ ಉದಾಹರಣೆ ಕೊಟ್ಟು, ಅವುಗಳಿಂದ ವಂಚನಾಪೂರ್ವಕವಾಗಿ ನಡೆಸುವ ವ್ಯವಹಾರವೆಂದು ಹೇಳಿದ್ದಾರೆ. ‘ವಂಚನಾಪೂರ್ವಕ’ ಎಂಬ ವಿಶೇಷಣವೇ ಇಲ್ಲಿಯ ಕೀಲಿಕೈ. ಕೃತಕ ವಸ್ತುವನ್ನು ಮಾಡುವುದೇ ಅತಿಚಾರವೆಂದು ಅವರು ಹೇಳಲಿಲ್ಲ. ರೋಲ್ಡ್‌ಗೋಲ್ಡ್ ಬಳೆಯನ್ನು ರೋಲ್ಡ್‌ಗೋಲ್ಡ್ ಎಂದೇ ಮಾರುವವನು ನಿರ್ದೋಷಿ. ಪವರ್‌ಲೂಮಿನ ಸೀರೆಯನ್ನು ಪವರ್‌ಲೂಮಿನದೆಂದು ಹೇಳಿ, ಆ ಬೆಲೆಗೇ ಕೊಡುವವನಲ್ಲಿ ಯಾವ ದೋಷವಿದೆ? ಅದನ್ನೇ ಕೈಮಗ್ಗದ ಸೀರೆಗಳ ಗಂಟಿನ ನಡುವೆ ಇಟ್ಟು, ಬಾಯಿಂದ ಏನೂ ಹೇಳದೆ, ಗ್ರಾಹಕನ ಕೈ ಅದರ ಮೇಲೆ ಹೋಗುವವರೆಗೆ ಕಾಯುವವನು ಪ್ರತಿರೂಪಕ ವ್ಯವಹಾರಿ. ನಾಲ್ಕು ದಶಕ ಗಲ್ಲೆಯ ಮೇಲೆ ಕುಳಿತವನಿಗೆ ಈ ಎರಡರ ಅಂತರ ತಿಳಿಯಲು ಟೀಕಾಗ್ರಂಥ ಬೇಡ.

ಇದಕ್ಕೆ ಪೂರಕವಾಗಿ ಇನ್ನೊಂದು ಮಾತಿದೆ. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹೇಳಿರುವ ಹತ್ತು ಬಗೆಯ ಸತ್ಯಗಳಲ್ಲಿ ‘ಸ್ಥಾಪನಾಸತ್ಯ’ ಒಂದು. ಒಂದರಲ್ಲಿ ಇನ್ನೊಂದನ್ನು ಸ್ಥಾಪಿಸಿ ಆ ಹೆಸರಿನಿಂದ ಕರೆಯುವುದು ಸುಳ್ಳಲ್ಲ. ಆಕಾರ ಹೋಲುವುದರಲ್ಲಿ ಮಾಡಿದ ಸ್ಥಾಪನೆ ತದಾಕಾರ. ಚದುರಂಗದ ಕಾಯಿಯನ್ನು ಆನೆ ಎನ್ನುವಂತಹುದು ಅತದಾಕಾರ. ಹ್ಯಾರೋ ಶಾಲೆಯ ಚಿತ್ರವನ್ನು ಗೋಡೆಗೆ ತೂಗುಹಾಕಿ ‘ಇದು ನಮ್ಮ ಶಾಲೆ’ ಎನ್ನುವವನು ಸ್ಥಾಪನಾಸತ್ಯವನ್ನೇ ನುಡಿಯುತ್ತಾನೆ. ಆ ಚಿತ್ರದ ಚಿತ್ರವನ್ನು ತೋರಿಸಿ ಅದೇ ಮಾತನ್ನಾಡಿದರೂ ಸತ್ಯವೇ. ಪ್ರತಿಯ ಪ್ರತಿಯಾದ ಮಾತ್ರಕ್ಕೆ ಸ್ಥಾಪನೆ ಕುಂದುವುದಿಲ್ಲ. ‘ಇದು 1816ರ ಹಾಳೆ’ ಎಂದಾಗ ಮಾತ್ರ ಮಾತು ಸ್ಥಾಪನೆಯನ್ನು ಬಿಟ್ಟು ದ್ರವ್ಯಕ್ಕೆ ಸಂಬಂಧಿಸುತ್ತದೆ. ಕಾಗದ, ಮಸಿ, ವಯಸ್ಸು ಪ್ರಶ್ನೆಗೆ ಬರುತ್ತವೆ. ಅಂಗಡಿಯವನ ಚಾತುರ್ಯವೆಲ್ಲ ಇರುವುದು ಈ ಎರಡು ಮಾತುಗಳ ನಡುವಣ ಗೆರೆಯನ್ನು ಮಬ್ಬುಮಾಡುವುದರಲ್ಲಿ.

ಆ ಗೆರೆಯನ್ನು ಸ್ಪಷ್ಟವಾಗಿಡುವ ವಿಧಾನವನ್ನು ಕೆತ್ತನೆಗಾರರೇ ಬಹಳ ಹಿಂದೆ ಕಂಡುಕೊಂಡಿದ್ದರು. ತಮ್ಮ ಚಿತ್ರಗಳನ್ನು ಇತರರು ಕದ್ದು ಕೆತ್ತಿ ಅಗ್ಗವಾಗಿ ಮಾರುತ್ತಿದ್ದುದರಿಂದ ನೊಂದ ವಿಲಿಯಂ ಹೊಗಾರ್ತ್ ಮೊದಲಾದವರು ಪಾರ್ಲಿಮೆಂಟಿಗೆ ಬಿನ್ನಹ ಮಾಡಿ, 1735ರಲ್ಲಿ ಒಂದು ಕಾಯಿದೆ ಬರುವಂತೆ ಮಾಡಿದರು. ಸ್ವಂತ ಕಲ್ಪನೆಯ ಕೆತ್ತನೆಗೆ ಪ್ರಕಟಣೆಯ ದಿನದಿಂದ 14 ವರ್ಷಗಳ ರಕ್ಷಣೆ. ಆದರೆ ಒಡೆಯನ ಹೆಸರೂ ಪ್ರಕಟಣೆಯ ದಿನಾಂಕವೂ ಫಲಕದ ಮೇಲೆಯೇ ಇರಬೇಕು. ಹಳೆಯ ಚಿತ್ರಗಳ ಕೆಳಅಂಚಿನಲ್ಲಿ ಸಣ್ಣಕ್ಷರದ ಒಂದು ಸಾಲು ಕಾಣುವುದು ಈ ಕಾರಣದಿಂದ. ಚಿತ್ರದ ಮಟ್ಟಿಗೆ ಅದು ಕಿರ್ದಿಯ ನಮೂದು ಇದ್ದಂತೆ. 14 ವರ್ಷಗಳೂ, ಮುಂದೆ 1767ರಲ್ಲಿ ಹೆಚ್ಚಿಸಿದ 28 ವರ್ಷಗಳೂ ಎಂದೋ ಮುಗಿದುಹೋದವು. ಅಕರ್ಮನ್ನನ ಚಿತ್ರವನ್ನು ಇಂದು ಯಾರು ಪ್ರತಿ ಮಾಡಿದರೂ ಕಾನೂನಿನಲ್ಲಿ ಕಳವಾಗದು.

ಇಲ್ಲಿ ಒಂದು ಧರ್ಮಸಂಕಟವಿದೆ. ಪ್ರತಿ ಮಾಡುವವನು ಆ ಕೆಳಸಾಲನ್ನು ಏನು ಮಾಡಬೇಕು? ಕತ್ತರಿಸಿ ಹಾಕಿದರೆ ಬರೆದವನ, ಕೆತ್ತಿದವನ ಹೆಸರನ್ನು ಅಳಿಸಿದಂತಾಗುತ್ತದೆ. ಉಳಿಸಿದರೆ ನಿನ್ನೆ ಅಚ್ಚಾದ ಹಾಳೆಯ ಮೇಲೆ 1816 ಎಂಬ ವರ್ಷ ಕುಳಿತಿರುತ್ತದೆ, ನೋಡಿದವರು ಅದನ್ನು ಹಾಳೆಯ ವರ್ಷವೆಂದೇ ಓದುತ್ತಾರೆ. ಮೂಲಕ್ಕೆ ನಿಷ್ಠೆ ತೋರಿದಷ್ಟೂ ಗ್ರಾಹಕನಿಗೆ ಭ್ರಮೆ ಹೆಚ್ಚುವುದು ವಿಚಿತ್ರವಾದರೂ ನಿಜ. ನನಗೆ ತೋರುವ ಪರಿಹಾರ ಒಂದೇ: ಹಳೆಯ ಸಾಲನ್ನು ಹಾಗೆಯೇ ಬಿಟ್ಟು ಅದರ ಕೆಳಗೆ ಹೊಸ ಸಾಲೊಂದನ್ನು ಸೇರಿಸುವುದು. ಯಾವ ಪ್ರತಿಯಿಂದ ಎತ್ತಿದ್ದು, ಯಾವ ವರ್ಷ ಅಚ್ಚಾದದ್ದು, ಬಣ್ಣ ಹಾಕಿದವರು ಯಾರು. ಕೇಂಬ್ರಿಜ್‌ನಲ್ಲಿ 1905ರಲ್ಲಿ ಜಾನ್ ವಿಲ್ಲಿಸ್ ಕ್ಲಾರ್ಕ್ ಎಂಬ ವಿದ್ವಾಂಸರು ಲೊಗನ್ನನ ಸಂಪುಟವನ್ನು ಮರುಮುದ್ರಿಸಿದಾಗ, ಅದು ಮರುಮುದ್ರಣವೆಂದು ತಿಳಿಸಿ, ಲೊಗನ್ನನ ಜೀವನವನ್ನೂ ಪ್ರತಿಯೊಂದು ಚಿತ್ರಕ್ಕೆ ಟಿಪ್ಪಣಿಯನ್ನೂ ಸೇರಿಸಿದರು. ಆ ಸಂಪುಟ ಪ್ರತಿಕೃತಿಯಾಗಿದ್ದೂ ಇಂದು ಸ್ವತಃ ಗೌರವದ ವಸ್ತುವಾಗಿದೆ.

ಪ್ರಾಮಾಣಿಕ ಪ್ರತಿಯನ್ನೂ ಪ್ರತಿರೂಪಕವನ್ನೂ ಕಣ್ಣಿನಿಂದ ಬೇರ್ಪಡಿಸುವುದು ಅಸಾಧ್ಯವೇನಲ್ಲ. ಮೊದಲು ಹೇಳಿದ ಫಲಕದ ಒತ್ತುಗುರುತು ಯಂತ್ರಮುದ್ರಣದಲ್ಲಿ ಇರುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕೆತ್ತನೆಯ ಗೆರೆ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಈಚಿನ ಮುದ್ರಣದಲ್ಲಿ ಅದೇ ಗೆರೆ ಸಣ್ಣ ಚುಕ್ಕೆಗಳ ಸಾಲಾಗಿರುತ್ತದೆ. ಬೆಳಕಿಗೆ ಹಿಡಿದರೆ ಹಳೆಯ ಕಾಗದದಲ್ಲಿ ಅನೇಕ ವೇಳೆ ತಯಾರಕನ ಹೆಸರೂ ವರ್ಷವೂ ನೀರಿನ ಗುರುತಾಗಿ ಕಾಣುತ್ತವೆ. ಬಲ್ಲವರು ಮೂಲ ಅಚ್ಚುಗಳಲ್ಲಿಯೂ ‘ಆ ಕಾಲದ ಬಣ್ಣ’, ‘ಈಚಿನ ಬಣ್ಣ’ ಎಂದು ಎರಡು ಬಗೆ ಮಾಡುತ್ತಾರೆ. ಲೊಗನ್ನನ ಹಾಳೆ ಬಣ್ಣದಲ್ಲಿ ಸಿಕ್ಕಿದರೆ ಆ ಬಣ್ಣ ಪ್ರಕಟಣೆಯ ಭಾಗವಲ್ಲ, ಯಾರೋ ಅನಂತರ ಹಾಕಿದ್ದು. ಇಷ್ಟೆಲ್ಲ ಕುರುಹುಗಳಿರುವುದು ಗೊತ್ತಿದ್ದೇ ಕೆಲವರು ಹೊಸ ಕಾಗದದ ಮೇಲೆ ಕೃತಕವಾಗಿ ಒತ್ತುಗುರುತು ಮೂಡಿಸುತ್ತಾರೆ, ಚಹದ ನೀರಿನಲ್ಲಿ ಅದ್ದಿ ಕಾಗದವನ್ನು ಕಂದಿಸುತ್ತಾರೆ. ಆ ಚಹದ ನೀರಿನ ತಟ್ಟೆಯ ಬಳಿಗೆ ಬಂದಾಗ ಚರ್ಚೆಗೆ ಅವಕಾಶ ಉಳಿಯುವುದಿಲ್ಲ. ಚಿತ್ರವನ್ನು ಚೆಂದಗೊಳಿಸಲು ಯಾರೂ ಕಾಗದವನ್ನು ಕಂದಿಸುವುದಿಲ್ಲ.

ಹಳೆಯ ಪುಸ್ತಕದ ಹೊಲಿಗೆ ಬಿಚ್ಚಿ, ಚಿತ್ರಗಳನ್ನು ಒಂದೊಂದಾಗಿ ಮಾರುವ ವ್ಯಾಪಾರವೂ ಇದೆ. ಅಲ್ಲಿ ಗ್ರಾಹಕನಿಗೆ ಮೋಸವಿಲ್ಲ, ಹಾಳೆ ಹಳೆಯದೇ. ಆದರೆ ಇನ್ನೂರು ವರ್ಷ ಒಟ್ಟಾಗಿದ್ದ ಒಂದು ಗ್ರಂಥ ಹೋಗುತ್ತದೆ. ಶಾಸ್ತ್ರಭಂಡಾರಗಳನ್ನು ಕಾಯ್ದುಕೊಂಡು ಬಂದ ಸಮಾಜದವರಾದ ನಮಗೆ ಇದರ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ದೃಷ್ಟಿಯಿಂದ ನೋಡಿದರೆ, ಪ್ರಾಮಾಣಿಕವಾಗಿ ಮಾಡಿದ ಹೊಸ ಪ್ರತಿ ಹಳೆಯ ಪುಸ್ತಕವನ್ನು ಕತ್ತರಿಯಿಂದ ಕಾಪಾಡುತ್ತದೆ.

ಚಿತ್ರದ ಮೌನವನ್ನು ಕುರಿತೂ ಒಂದು ಮಾತು ಹೇಳಬೇಕು. ಅಕರ್ಮನ್ನನ ಶಾಲಾ ಪ್ರಾಂಗಣಗಳಲ್ಲಿ ಬಿಸಿಲು ಹಿತವಾಗಿದೆ, ಮಕ್ಕಳು ಶಾಂತವಾಗಿ ನಿಂತಿದ್ದಾರೆ. ಆ ಚಿತ್ರಗಳು ಪ್ರಕಟವಾಗುವುದಕ್ಕೆ 19 ವರ್ಷ ಹಿಂದೆ, 1797ರಲ್ಲಿ, ರಗ್ಬಿಯ ಹುಡುಗರು ಮುಖ್ಯೋಪಾಧ್ಯಾಯರ ವಿರುದ್ಧ ದಂಗೆಯೆದ್ದು, ಅಡಗಿಸಲು ಸೈನಿಕರನ್ನು ಕರೆಸಬೇಕಾಯಿತು. ಈಟನ್ನಿನಲ್ಲಿ ಸ್ಥಾಪಕ ದೊರೆಯ ವಿದ್ಯಾರ್ಥಿವೇತನದ ಹುಡುಗರನ್ನು ‘ಉದ್ದ ಕೋಣೆ’ ಎಂಬಲ್ಲಿ ರಾತ್ರಿ ಕೂಡಿ ಬೀಗ ಹಾಕುತ್ತಿದ್ದರು. ಒಳಗೆ ಚಳಿ, ಇಲಿ, ದೊಡ್ಡ ಹುಡುಗರ ಕಾಟ. ವಿಂಚೆಸ್ಟರ್, ಈಟನ್ ಎರಡೂ ಬಡ ವಿದ್ಯಾರ್ಥಿಗಳಿಗಾಗಿ ಸ್ಥಾಪಿತವಾಗಿ, ಕಾಲಕ್ರಮದಲ್ಲಿ ಮುಖ್ಯವಾಗಿ ಶ್ರೀಮಂತರ ಶಾಲೆಗಳಾದವು. ಇದಾವುದೂ ಚಿತ್ರದಲ್ಲಿಲ್ಲ. ಕಟ್ಟಡವನ್ನು ತೋರಿಸಲು ಹೊರಟ ಚಿತ್ರ ಇದನ್ನು ತೋರಿಸಬೇಕಾಗಿಯೂ ಇರಲಿಲ್ಲ. ಆದರೆ ಅದೇ ಚಿತ್ರಕ್ಕೆ ಇಂದು ಬಣ್ಣ ತುಂಬಿ, ‘ಸುವರ್ಣಕಾಲದ ವಿದ್ಯಾಮಂದಿರ’ ಎಂಬಂತಹ ಶೀರ್ಷಿಕೆ ಕೊಟ್ಟು ಮಾರುವವನು ಬಣ್ಣವನ್ನು ಗೋಡೆಗೆ ಮಾತ್ರ ಹಚ್ಚುತ್ತಿಲ್ಲ. ನಮ್ಮ ಸಂಸ್ಥೆಗಳ ಶತಮಾನೋತ್ಸವದ ಸ್ಮರಣಸಂಚಿಕೆಗಳಲ್ಲಿ ಹಳೆಯ ಪಾಠಶಾಲೆಯ ಮಾಸಿದ ಛಾಯಾಚಿತ್ರಕ್ಕೆ ಬಣ್ಣ ಕೊಡಿಸುವಾಗಲೂ ಈ ವಿವೇಚನೆ ಇರಬೇಕು.

ಅಹಿಂಸೆಯ ದೃಷ್ಟಿಯಿಂದ ಈ ಕಸುಬಿನ ಸಾಮಗ್ರಿಯನ್ನೂ ವಿಚಾರಿಸಬೇಕಾಗುತ್ತದೆ. ಜಲವರ್ಣದ ಉತ್ತಮ ಕುಂಚಗಳು ಸೇಬಲ್ ಎಂಬ ಹೆಸರಿನಲ್ಲಿ ಮುಂಗುಸಿಯಂತಹ ಒಂದು ಪ್ರಾಣಿಯ ಬಾಲದ ಕೂದಲಿನಿಂದ ಆಗುತ್ತವೆ. ಕಾರ್ಮೈನ್ ಕೆಂಪು ಕೋಚಿನೀಲ್ ಕೀಟಗಳನ್ನು ಒಣಗಿಸಿ ತೆಗೆದದ್ದು. ಕಾಗದಕ್ಕೆ ಕೊಡುವ ಗಂಜಿ ಚರ್ಮ, ಮೂಳೆಗಳ ಜೆಲಟಿನ್. ಹಿಂದೆ ಯುರೋಪಿನ ಚಿತ್ರಕಾರರು ಬಳಸುತ್ತಿದ್ದ ‘ಇಂಡಿಯನ್ ಯೆಲ್ಲೋ’ ಎಂಬ ಹಳದಿ ನಮ್ಮ ದೇಶದಿಂದಲೇ ಹೋಗುತ್ತಿತ್ತು. ಬಿಹಾರದ ಮುಂಗೇರ್ ಸಮೀಪದ ಹಳ್ಳಿಯಲ್ಲಿ ಹಸುಗಳಿಗೆ ಮಾವಿನ ಎಲೆಯನ್ನೇ ತಿನ್ನಿಸಿ, ಅವುಗಳ ಮೂತ್ರದಿಂದ ಆ ಬಣ್ಣ ತೆಗೆಯುವುದನ್ನೂ, ಆ ಹಸುಗಳು ಬಡಕಲಾಗಿರುವುದನ್ನೂ ಕಂಡು ತ್ರೈಲೋಕ್ಯನಾಥ ಮುಖರ್ಜಿಯವರು 1883ರಲ್ಲಿ ಬರೆದಿದ್ದಾರೆ. ಆ ಬಣ್ಣದ ತಯಾರಿಕೆ ನಿಂತುಹೋಗಿ ಬಹಳ ಕಾಲವಾಯಿತು. ಈಗ ಆ ಹೆಸರಿನಲ್ಲಿ ದೊರೆಯುವುದು ರಾಸಾಯನಿಕ ಬಣ್ಣ. ಇಲ್ಲಿ ನಕಲು ಅಸಲಿಗಿಂತ ಮೇಲೆನ್ನಬೇಕು. ಕೃತಕ ಕೂದಲಿನ ಕುಂಚ, ಜೆಲಟಿನ್ ಇಲ್ಲದ ಕಾಗದ, ಕೀಟಮುಕ್ತ ಕೆಂಪು, ಎಲ್ಲವೂ ಇಂದು ಕೇಳಿದರೆ ಸಿಗುತ್ತವೆ. ಕೇಳುವವರು ಬೇಕು.

‘ಕೊಂಡವನಿಗೆ ಸಂತೋಷವಾದರೆ ಸಾಕಲ್ಲ, ನಷ್ಟವೇನು?’ ಎಂಬ ಆಕ್ಷೇಪ ಉಳಿದಿದೆ. ನಮ್ಮ ಹುಡುಗನ ಕಾಣಿಕೆ ಪಡೆದವರು ಬಲ್ಲವರಾಗಿರದಿದ್ದರೆ ಎಲ್ಲರೂ ಸಂತುಷ್ಟರಾಗಿಯೇ ಇರುತ್ತಿದ್ದರು, ನಿಜ. ಆದರೆ ಆ ಚಿತ್ರ ಒಂದೇ ಗೋಡೆಯಲ್ಲಿ ನಿಲ್ಲುವುದಿಲ್ಲ. ಮುಂದಿನ ತಲೆಮಾರು ಅದನ್ನು ಮಾರುತ್ತದೆ, ಶಾಲೆಗೆ ದಾನ ಕೊಡುತ್ತದೆ. ಒಂದು ದಿನ ಇತಿಹಾಸ ಬರೆಯುವವನ ಮೇಜಿಗೆ ಹೋಗುತ್ತದೆ. ಹ್ಯಾರೋದ ಎರಡನೆಯ ಪಾರ್ಶ್ವ 1816ರಲ್ಲೇ ಇತ್ತೆಂದು ಅವನು ನಂಬಿದರೆ ಆ ಹೊಣೆ ಯಾರದು? ತಾನು ನೋಡದ ಗ್ರಾಹಕನಿಗೂ ವರ್ತಕನು ಋಣಿ. ನಾವು ತೂಕದ ಬಟ್ಟಿಗೆ ಮುದ್ರೆ ಹಾಕಿಸುವುದು ಇಂದಿನ ಗಿರಾಕಿ ಒಬ್ಬನಿಗಾಗಿಯೇ ಅಲ್ಲವಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು: ಅದು ಪ್ರತಿರೂಪಕ ವ್ಯವಹಾರವೇ ಹೌದು, ಅಂಗಡಿಯವನ ವಾಕ್ಯದಲ್ಲಿ ಸುಳ್ಳಿಲ್ಲದಿದ್ದರೂ ಹೌದು, ಆದರೆ ಚಿತ್ರದ ಮೇಲೆ ಕೋಪ ಬೇಡ. ಬಣ್ಣ ಹಾಕಿದ ಕೈ ನಿಪುಣವಾದದ್ದು, ಆ ಕೈಗೆ ಅಂಗಡಿಯವನು ಕೊಟ್ಟ ಕೂಲಿ ಎಷ್ಟೋ ತಿಳಿಯದು. ಚೌಕಟ್ಟು ಬಿಚ್ಚಿ ಹಿಂಬದಿಯಲ್ಲಿ ಅದು ಈಚಿನ ಪ್ರತಿಯೆಂದೂ, ಯಾವ ಪುಸ್ತಕದ ಚಿತ್ರದಿಂದ ಎತ್ತಿದ್ದೆಂದೂ, ಯಾವ ವರ್ಷ ಎಲ್ಲಿ ಕೊಂಡದ್ದೆಂದೂ ಅವರಿಂದಲೇ ಬರೆಯಿಸು. ಪೆನ್ಸಿಲಿನಲ್ಲಿ ಬರೆಯಬೇಕು, ಶಾಯಿಯಾದರೆ ಕೆಲವು ವರ್ಷಗಳಲ್ಲಿ ಕಾಗದವನ್ನು ದಾಟಿ ಮುಂಬದಿಯ ಆಕಾಶದಲ್ಲಿ ಕಾಣಿಸಿಕೊಳ್ಳುತ್ತದೆ.